ಹನ್ನೊಂದು ಅಕ್ಷರ

ಅಕ್ಕನಿಗೆ ಮಾತು ಹೋದದ್ದು ಒಂದು ಬುಧವಾರ ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗ. ತಂಗಿ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ನಲ್ಲಿ ಸುಮ್ಮನೆ ಹರಿಯುತ್ತಿರುವುದು ಎಷ್ಟೋ ಹೊತ್ತಿನ ಮೇಲೆ ಕಿವಿಗೆ ಬಿದ್ದು, "ನೀರು ಬಿಟ್ಟು ಎಲ್ಲಿಗೆ ಹೋದೆಯೇ?" ಎಂದು ಬೈಯುತ್ತ ಬಂದರೆ, ಅಕ್ಕ ಬಚ್ಚಲ ಗೋಡೆಗೊರಗಿ ಕುಸಿದು ಕೂತಿದ್ದಳು. ಕಣ್ಣು ತೆರೆದೇ ಇತ್ತು. ಆ ಕಣ್ಣು ತಂಗಿಯನ್ನು ನೋಡಿತು, ನಲ್ಲಿಯನ್ನು ನೋಡಿತು, ಮತ್ತೆ ತಂಗಿಯನ್ನು ನೋಡಿತು. ಅಂಥ ಗಾಬರಿಯಲ್ಲೂ ತಂಗಿ ಮೊದಲು ಮಾಡಿದ ಕೆಲಸ ನಲ್ಲಿ ನಿಲ್ಲಿಸಿದ್ದು.

ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಬುದ್ಧಿಗೆ ಏನೂ ಆಗಿಲ್ಲ. ಎಲ್ಲ ಕೇಳುತ್ತದೆ, ಕಾಣುತ್ತದೆ, ತಿಳಿಯುತ್ತದೆ. ಆದರೆ ಕೈ, ಕಾಲು, ನಾಲಿಗೆ, ಗಂಟಲು ಯಾವುದೂ ಹೇಳಿದಂತೆ ಕೇಳುವುದಿಲ್ಲ. ಎರಡು ತಿಂಗಳ ಮೇಲೆ ಮನೆಗೆ ಕರೆತಂದಾಗ ಅಕ್ಕನ ಸ್ವಾಧೀನದಲ್ಲಿ ಇದ್ದದ್ದು ಎರಡೇ: ಕಣ್ಣಿನ ರೆಪ್ಪೆ ಮತ್ತು ಬಲಗೈ ಹೆಬ್ಬೆರಳು. ಹೆಬ್ಬೆರಳೂ ಪೂರ್ತಿ ಅಲ್ಲ, ತುದಿಯ ಗೆಣ್ಣು ಮಾತ್ರ ಒಂದಿಷ್ಟು ಬಾಗುತ್ತಿತ್ತು.

ಅಕ್ಕನಿಗೆ ಅರವತ್ತೊಂದು. ಮೂವತ್ತೆರಡು ವರ್ಷ ಒಂದು ಅಚ್ಚುಮನೆಯಲ್ಲಿ ಕರಡು ತಿದ್ದಿದವಳು. ಮದುವೆಯಾಗಲಿಲ್ಲ; ಯಾಕೆಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದಳು. ಹಾಲಿನ ಪೊಟ್ಟಣದ ಮೇಲೆ ಕಾಗುಣಿತದ ತಪ್ಪಿದ್ದರೆ ಅದನ್ನು ಕೆಂಪು ಪೆನ್ನಿನಿಂದ ತಿದ್ದಿ ಆಮೇಲೆ ಹಾಲು ಕಾಯಿಸುವ ಹೆಂಗಸು. ಮಾತು ಮೊದಲಿನಿಂದಲೂ ಕಡಿಮೆ. ಒಂದು ವಾಕ್ಯ ಆಡಬೇಕಾದರೆ ಅದನ್ನು ಒಳಗೇ ಎರಡು ಸಲ ತಿದ್ದಿ ಹೊರಗೆ ಬಿಡುತ್ತಿದ್ದಳು.

ತಂಗಿ ಇದಕ್ಕೆ ತದ್ವಿರುದ್ಧ. ಅವಳು ಕಾರು ಕಲಿಸುವ ಶಾಲೆಯಲ್ಲಿ ತರಬೇತಿ ಕೊಡುವವಳು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು ಇರುವ ಕಾರಿನಲ್ಲಿ, ಹೆದರಿ ಬೆವರುವವರ ಪಕ್ಕ ಕೂತು ದಿನಕ್ಕೆ ಎಂಟು ಗಂಟೆ ಎಡೆಬಿಡದೆ ಮಾತಾಡುವುದೇ ಅವಳ ಕಸುಬು. ಕಲಿಯಲು ಬಂದವರು ಅವಳಿಗೆ ಬ್ರೇಕಕ್ಕ ಎಂದು ಹೆಸರಿಟ್ಟಿದ್ದರು. ಬ್ರೇಕು ಇದ್ದದ್ದು ಕಾಲಿಗೆ ಮಾತ್ರ, ಬಾಯಿಗಲ್ಲ. ಗಂಡ ತೀರಿಕೊಂಡ ಮೇಲೆ, ಒಂಬತ್ತು ವರ್ಷದ ಹಿಂದೆ, ಅಕ್ಕನ ಜೊತೆ ಬಂದು ಇದ್ದಳು. ಈಗ ಕೆಲಸ ಬಿಟ್ಟು ಮನೆಯಲ್ಲೇ ಕೂತಳು.

ನೋಡಿಕೊಳ್ಳುವುದರಲ್ಲಿ ಅವಳನ್ನು ಯಾರೂ ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಹೊತ್ತುಹೊತ್ತಿಗೆ ನಳಿಕೆಯಲ್ಲಿ ಊಟ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು, ಬೆನ್ನಿಗೆ ಪೌಡರು, ಕಾಲಿಗೆ ಎಣ್ಣೆ. ತೊಂದರೆ ಇದ್ದದ್ದು ಬೇರೆ ಕಡೆ. ಆಸ್ಪತ್ರೆಯವರು ಒಂದು ಅಕ್ಷರದ ಹಲಗೆ ಕೊಟ್ಟಿದ್ದರು. ತಂಗಿ ಸಾಲುಗಳ ಮೇಲೆ ಬೆರಳಾಡಿಸಬೇಕು, ಬೇಕಾದ ಸಾಲು ಬಂದಾಗ ಅಕ್ಕ ಒಂದು ಸಲ ರೆಪ್ಪೆ ಮುಚ್ಚಬೇಕು. ಆಮೇಲೆ ಆ ಸಾಲಿನ ಅಕ್ಷರಗಳು, ಮತ್ತೆ ಒಂದು ರೆಪ್ಪೆ. ಒಂದು ರೆಪ್ಪೆ ಎಂದರೆ ಹೌದು, ಎರಡು ಎಂದರೆ ಇಲ್ಲ. ಒಂದು ಪದಕ್ಕೆ ಮೂರು ನಾಲ್ಕು ನಿಮಿಷ ಬೇಕು. ತಂಗಿಗೆ ಎರಡನೆಯ ಅಕ್ಷರದವರೆಗೆ ಕಾಯುವುದೇ ಹೆಚ್ಚು.

"ನೀ... ನೀರಾ? ನೀರು ಬೇಕಾ? ತಡಿ ತಂದೆ."

ಎರಡು ರೆಪ್ಪೆ.

"ನೀರಲ್ವಾ? ನೀಲಿ? ನೀಲಿ ಹೊದಿಕೆನಾ? ಚಳಿಯಾ? ನನಗೆ ಗೊತ್ತು ಬಿಡು, ನಿನ್ನೆಯಿಂದ ಹೊದಿಕೆನೇ ನೋಡ್ತಾ ಇದೀಯ."

ಅಷ್ಟು ಹೊತ್ತಿಗೆ ಅಕ್ಕ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಮುಚ್ಚಿದ ಕಣ್ಣು ಎಂದರೆ ಸಾಕು ಎಂದು ಅರ್ಥ. ತಂಗಿ ಹೊದಿಕೆ ಹೊದಿಸಿ, ಸರಿಯಾಗಿ ತಿಳಿದುಕೊಂಡೆನೆಂದು ಸಮಾಧಾನಪಟ್ಟು ಅಡುಗೆಮನೆಗೆ ಹೋಗುತ್ತಿದ್ದಳು.

ಹದಿನೈದು ದಿನಕ್ಕೊಮ್ಮೆ ಮಾತಿನ ಚಿಕಿತ್ಸೆಗೆ ಬರುತ್ತಿದ್ದ ಹೆಂಗಸನ್ನು ತಂಗಿ ಮಾತಿನ ಮೇಡಂ ಎಂದು ಕರೆಯುತ್ತಿದ್ದಳು. ಆಕೆ ಒಂದು ದಿನ ಈ ನೀರು ನೀಲಿಯ ಸಂಭ್ರಮವನ್ನು ಬಾಗಿಲಲ್ಲೇ ನಿಂತು ನೋಡಿದರು. ತಂಗಿ ಒಳಗೆ ಹೋದ ಮೇಲೆ ಹಲಗೆ ಕೈಗೆತ್ತಿಕೊಂಡು, ಹಾಸಿಗೆಯ ಪಕ್ಕ ಕೂತು, ತುಟಿ ಬಿಚ್ಚದೆ ಬೆರಳಾಡಿಸಿದರು. ಒಂಬತ್ತು ನಿಮಿಷ ಹಿಡಿಯಿತು. ಆಮೇಲೆ ಒಂದು ಚೀಟಿಯಲ್ಲಿ ಬರೆದುಕೊಂಡದ್ದನ್ನು ತಂಗಿಗೆ ತೋರಿಸಿದರು.

"ನೀನು ಊಟ ಮಾಡಿದೆಯಾ?" ಎಂದಿತ್ತು.

ತಂಗಿ ಚೀಟಿ ಹಿಡಿದುಕೊಂಡೇ ನಿಂತಳು. ಅವತ್ತು ಮಧ್ಯಾಹ್ನ ಮೂರಾಗಿತ್ತು, ಅವಳು ಊಟ ಮಾಡಿರಲಿಲ್ಲ.

"ತಪ್ಪು ನಿಮ್ಮದಲ್ಲ ಅಮ್ಮಾ," ಎಂದರು ಮಾತಿನ ಮೇಡಂ. "ಈ ಹಲಗೇನೇ ಹಾಗೆ, ಹಿಡಿಯೋರಿಗೆ ತಾಳ್ಮೆ ಬೇಕು. ಅವರಿಗೆ ಬೇಕಿರೋದು ಇನ್ನೊಬ್ಬರು ಹಿಡಿಯದೆ ಇರೋ ಹಲಗೆ. ಮನೆಯಲ್ಲಿ ಕಂಪ್ಯೂಟರ್ ಇದೆಯಾ?"

ಕಂಪ್ಯೂಟರ್ ಇತ್ತು. ಅಕ್ಕನ ಕೋಣೆಯಲ್ಲೇ, ಹಾಸಿಗೆಗೆ ಎದುರಾಗಿ, ಕರಡಿನ ಕಟ್ಟುಗಳ ನಡುವೆ. ಅಚ್ಚುಮನೆಯವರು ತಮ್ಮ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಎಂಬ ಬಿಟ್ಟಿ ಕಾರ್ಯವ್ಯವಸ್ಥೆ ಹಾಕಿಸಿದ್ದರಿಂದ ಅಕ್ಕನೂ ಅದನ್ನೇ ಹಾಕಿಸಿಕೊಂಡಿದ್ದಳು. ಅದರಲ್ಲಿ ಅವಳು ಇಪ್ಪತ್ತು ವರ್ಷದಿಂದ ಕೂಡಿಸಿಟ್ಟ, ಜನ ಸಾಮಾನ್ಯವಾಗಿ ತಪ್ಪಾಗಿ ಬರೆಯುವ ಪದಗಳ ಪಟ್ಟಿ ಒಂದಿತ್ತು. ತಂಗಿ ಕಂಪ್ಯೂಟರಿನ ಮೇಲಿನ ಧೂಳು ಒರೆಸಿದ್ದು ಬಿಟ್ಟರೆ ಇನ್ನೇನೂ ಮಾಡಿರಲಿಲ್ಲ.

ಮುಂದಿನ ಸಲ ಬರುವಾಗ ಮಾತಿನ ಮೇಡಂ ಒಂದು ಪೆನ್ ಡ್ರೈವ್, ಒಂದು ಹಾಳೆ, ಸ್ಪಂಜು ಸುತ್ತಿದ ಒಂದು ಮೌಸ್ ತಂದರು. ಅವರ ಪರಿಚಯದ ಲೆಕ್ಕದ ಮೇಷ್ಟ್ರೊಬ್ಬರು ತಮ್ಮ ತಾಯಿಗೋಸ್ಕರ ಒಂದು ತಂತ್ರಾಂಶ ಬರೆದಿದ್ದರಂತೆ. ಹೆಸರು ಹೆಬ್ಬೆರಳು. ಪರದೆಯ ಮೇಲೆ ಅಕ್ಷರದ ಸಾಲುಗಳು ಒಂದಾದ ಮೇಲೊಂದು ತಾವಾಗಿಯೇ ಬೆಳಗುತ್ತವೆ. ಬೇಕಾದ್ದು ಬೆಳಗಿದಾಗ ಮೌಸಿನ ಗುಂಡಿ ಒತ್ತಿದರೆ ಸಾಕು. ತಾಯಿ ಅದರಲ್ಲಿ ನಾಲ್ಕು ವರ್ಷ ಮಾತಾಡಿ ತೀರಿಕೊಂಡಿದ್ದರು. ಮೇಷ್ಟ್ರು ಈಗ ಕೇಳಿದವರಿಗೆಲ್ಲ ಅದನ್ನು ಸುಮ್ಮನೆ ಕೊಡುತ್ತಿದ್ದರು.

"ಇದು ಕುಗ್ಗಿಸಿದ ಕಟ್ಟು," ಎಂದರು ಮೇಡಂ. "ಊರಿಗೆ ಹೋಗುವಾಗ ಬಟ್ಟೆಯನ್ನೆಲ್ಲ ಒತ್ತಿ ಒಂದೇ ಪೆಟ್ಟಿಗೆಗೆ ತುಂಬ್ತೀವಲ್ಲ, ಹಾಗೆ. ಬಿಚ್ಚಿ, ಜೋಡಿಸಿ, ಒಳಗೆ ಕೂರಿಸಬೇಕು. ಕ್ರಮ ಎಲ್ಲ ಹಾಳೆಯಲ್ಲಿದೆ, ಮೇಷ್ಟ್ರ ಫೋನ್ ನಂಬರೂ ಇದೆ."

"ನಾನು ಕೂರಿಸೋದಾ?"

"ಐದು ನೂರು ಜನಕ್ಕೆ ಕಾರು ಕಲಿಸಿದೀನಿ ಅಂತ ನೀವೇ ಹೇಳಿದ್ರಿ."

"ಅದರಲ್ಲಿ ಅರ್ಧ ಜನ ಗೋಡೆಗೆ ಗುದ್ದಿದಾರೆ ಅನ್ನೋದನ್ನ ಹೇಳಿರ್ಲಿಲ್ಲ," ಎಂದಳು ತಂಗಿ.

ಮರುದಿನ ಬೆಳಿಗ್ಗೆ ಅಕ್ಕನ ಮೈ ಒರೆಸಿ, ದಿಂಬಿಗೆ ಒರಗಿಸಿ, ಪರದೆ ಕಾಣುವಂತೆ ಕೂರಿಸಿ, ತಂಗಿ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದಳು. ಹಾಳೆಯಲ್ಲಿದ್ದಂತೆ ಕಪ್ಪು ಕಿಟಕಿಯೊಂದನ್ನು ತೆರೆದಳು. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಮೂಲೆಯಲ್ಲಿ ಒಂದು ಚಿಕ್ಕ ಗೆರೆ ಮಿಣುಕುತ್ತ ಕೂತಿತ್ತು.

"ಲೈಟೇ ಇಲ್ಲದ ರಸ್ತೆ ಇದ್ದ ಹಾಗಿದೆ ಕಣೇ," ಎಂದಳು.

ಮೊದಲ ಸಾಲು ಕಟ್ಟು ಬಿಚ್ಚುವುದು. ಟಾರ್ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ, ಒಂದು ಅಡ್ಡಗೆರೆ, ಇನ್ನು ಮೂರು ಬಿಡಿ ಅಕ್ಷರ, ಮತ್ತೆ ಜಾಗ, ಕೊನೆಗೆ ಕಟ್ಟಿನ ಹೆಸರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಕಂಪ್ಯೂಟರ್ ತಟ್ಟನೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು: ಅಂಥ ಕಡತವೂ ಇಲ್ಲ, ಕೋಶವೂ ಇಲ್ಲ.

"ಇಲ್ಲೇ ಇದೆಯಲ್ಲೋ ಮಹರಾಯ, ಕಣ್ಣಿಗೆ ರಾಚೋ ಹಾಗಿದೆ!"

ಮತ್ತೆ ಒತ್ತಿದಳು. ಅದೇ ಉತ್ತರ. ಮೂರನೆಯ ಸಲವೂ ಅದೇ. ಕಂಪ್ಯೂಟರಿಗೆ ವಯಸ್ಸಾಗಿದೆ, ಪೆನ್ ಡ್ರೈವ್ ಸರಿಯಿಲ್ಲ, ಲೆಕ್ಕದ ಮೇಷ್ಟ್ರ ಲೆಕ್ಕವೇ ತಪ್ಪಿದೆ ಎಂದು ಒಂದೊಂದಾಗಿ ಎಲ್ಲರನ್ನೂ ಬೈದು, ಫೋನಿಗೆ ಕೈ ಹಾಕಿ ಅಕ್ಕನ ಕಡೆ ತಿರುಗಿದಳು. ಅಕ್ಕ ಅವಳನ್ನು ನೋಡುತ್ತಿರಲಿಲ್ಲ. ಪರದೆಯನ್ನು ನೋಡುತ್ತಿದ್ದಳು. ಆ ನೋಟ ತಂಗಿಗೆ ಗೊತ್ತಿತ್ತು. ಅಚ್ಚಿಗೆ ಹೋಗುವ ಹಾಳೆಯನ್ನು ಕೊನೆಯ ಸಲ ನೋಡುವಾಗಿನ ನೋಟ.

"ತಪ್ಪು ಸಿಕ್ತಾ?"

ಒಂದು ರೆಪ್ಪೆ.

ತಂಗಿ ಎದ್ದು ತಾನು ಒತ್ತಿದ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ದಾಟಿಸಿದಳು. ಕಟ್ಟಿನ ಹೆಸರಿನ ಮೊದಲ ಅಕ್ಷರಕ್ಕೆ ಬಂದಾಗ ರೆಪ್ಪೆ ಮುಚ್ಚಿತು. ಹಾಳೆಯಲ್ಲಿ ಹೆಬ್ಬೆರಳಿನ ಎಚ್ ದೊಡ್ಡಕ್ಷರ. ತಂಗಿ ಒತ್ತಿದ್ದು ಚಿಕ್ಕದು.

"ಇಷ್ಟಕ್ಕೇನಾ? ಚಿಕ್ಕದಾದ್ರೇನು ದೊಡ್ಡದಾದ್ರೇನು, ಎಚ್ ಎಚ್ಚೇ ಅಲ್ವಾ?"

ಎರಡು ರೆಪ್ಪೆ, ಸ್ವಲ್ಪ ಜೋರಾಗಿಯೇ.

ದೊಡ್ಡಕ್ಷರ ಹಾಕಿ ಒತ್ತಿದ್ದೇ ತಡ, ಕಪ್ಪು ಕಿಟಕಿಯಲ್ಲಿ ಹೆಸರುಗಳು ಸಾಲುಸಾಲಾಗಿ ಸುರಿದವು. ಕಟ್ಟು ಬಿಚ್ಚಿಕೊಂಡಿತು. ತಂಗಿ ಚಪ್ಪಾಳೆ ತಟ್ಟಿದಳು. ಅಲ್ಲಿಂದ ಮುಂದೆ ಪ್ರತಿ ಸಾಲನ್ನೂ ಬರೆದು, ಒತ್ತುವ ಮುಂಚೆ ಅಕ್ಕನ ಕಡೆ ತಿರುಗಿ "ಹೂಂ?" ಎನ್ನುತ್ತಿದ್ದಳು. ಅಕ್ಕ ಓದಿ ರೆಪ್ಪೆ ಮುಚ್ಚಿದರೆ ಮಾತ್ರ ಮುಂದಕ್ಕೆ. ಹಾಗೆ ಎರಡು ಕಡೆ ಬಿಟ್ಟುಹೋದ ಜಾಗವನ್ನೂ ಒಂದು ಕಡೆ ಹೆಚ್ಚಾದ ಚುಕ್ಕೆಯನ್ನೂ ಹಿಡಿದರು. ಬಿಚ್ಚಿದ ಕೋಶದೊಳಗೆ ಹೋದರು. ಬೇಕಾದ ಸಾಮಾನೆಲ್ಲ ಕಂಪ್ಯೂಟರಿನಲ್ಲಿ ಇದೆಯೇ ಎಂದು ತಂತ್ರಾಂಶ ತಾನೇ ತಡಕಿ ನೋಡಿ, ಇದೆ ಎಂದಿತು. ಜೋಡಿಸುವ ಕೆಲಸ ಐದಾರು ನಿಮಿಷ ತಾನಾಗಿಯೇ ಓಡಿತು. ಇಬ್ಬರೂ ಸುಮ್ಮನೆ ನೋಡುತ್ತ ಕೂತರು. ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕನಿಗೆ ಕೆಲಸ ಅಂತ ಒಂದು ಸಿಕ್ಕಿದ್ದು ಅವತ್ತೇ.

ಕೊನೆಯದು ಒಳಗೆ ಕೂರಿಸುವ ಸಾಲು. ಒತ್ತಿದರೆ, ಅನುಮತಿ ಇಲ್ಲ ಎಂದು ಬಂತು. ಹಾಗೆ ಬಂದರೆ ಸಾಲಿನ ಮೊದಲಿಗೆ ಸುಡೊ ಎಂದು ಸೇರಿಸಿ ಎಂದಿತ್ತು ಹಾಳೆಯಲ್ಲಿ.

"ಸುಡೋದಾ? ಏನನ್ನ ಸುಡೋದು?" ತಂಗಿ ಗಾಬರಿಯಾಗಿ ಮೇಷ್ಟ್ರಿಗೆ ಫೋನ್ ಮಾಡಿದಳು.

ಮೇಷ್ಟ್ರು ಆ ಕಡೆಯಿಂದ ಬಹಳ ಹೊತ್ತು ನಕ್ಕರು. "ಏನೂ ಸುಡೋದು ಬೇಡಮ್ಮ. ಯಜಮಾನರ ಅಪ್ಪಣೆ ತಗೊಂಡು ಮಾಡು ಅಂತ ಅದರ ಅರ್ಥ. ಈಗ ಪಾಸ್‌ವರ್ಡ್ ಕೇಳತ್ತೆ ನೋಡಿ."

"ಕೇಳ್ತಾ ಇದೆ ಸಾರ್. ಆದ್ರೆ ಏನು ಒತ್ತಿದ್ರೂ ಮೂಡ್ತಾ ಇಲ್ಲ. ಕೀಲಿಮಣೆ ಕೆಟ್ಟಿದೆ ಅನ್ಸತ್ತೆ."

"ಕೆಟ್ಟಿಲ್ಲ. ಪಾಸ್‌ವರ್ಡ್ ಕಣ್ಣಿಗೆ ಕಾಣಲ್ಲ, ಆದ್ರೆ ಒಳಗೆ ಹೋಗ್ತಾ ಇರತ್ತೆ. ನಿಮ್ಮ ಅಕ್ಕ ಏನಿಟ್ಟಿದಾರೋ ಅದನ್ನೇ ಒತ್ತಬೇಕು. ಅವರನ್ನೇ ಕೇ..." ಎಂದವರು ಅರ್ಧಕ್ಕೇ ನಿಲ್ಲಿಸಿದರು.

"ಪರವಾಗಿಲ್ಲ ಸಾರ್, ಕೇಳ್ತೀನಿ," ಎಂದು ತಂಗಿ ಫೋನ್ ಇಟ್ಟಳು.

"ಪಾಸ್‌ವರ್ಡ್ ನೆನಪಿದೆಯಾ ನಿನಗೆ?"

ಒಂದು ರೆಪ್ಪೆ.

"ಸರಿ ಹಾಗಾದ್ರೆ, ಒಂದೊಂದೇ ಅಕ್ಷರ ಹೇಳು."

ಎರಡು ರೆಪ್ಪೆ.

ತಂಗಿಗೆ ತಾನು ನೋಡಿದ್ದು ತಪ್ಪೆನಿಸಿತು. "ಹೇಳ್ತೀಯಲ್ವಾ?" ಎಂದು ಮತ್ತೆ ಕೇಳಿದಳು. ಮತ್ತೆ ಎರಡು. ಆಮೇಲೆ ಅಕ್ಕ ಕಣ್ಣು ಮುಚ್ಚಿಕೊಂಡುಬಿಟ್ಟಳು.

"ಯಾಕೆ? ನಾನೇನು ನಿನ್ನ ಕಾಗದ ಪತ್ರ ಓದ್ತೀನಾ? ಐದು ತಿಂಗಳಿಂದ ನಿನ್ನ ಮೈ ಒರೆಸ್ತಾ ಇದೀನಿ, ತಲೆ ಬಾಚ್ತಾ ಇದೀನಿ. ನನ್ನಿಂದ ಮುಚ್ಚಿಡೋ ಅಂಥದ್ದು ಇನ್ನೇನಿದೆ ನಿನ್ನ ಹತ್ರ?"

ಮುಚ್ಚಿದ ಕಣ್ಣು ತೆರೆಯಲಿಲ್ಲ. ತಂಗಿ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು. ಅವಳಿಗೆ ನಿಜವಾಗಿ ನೋವಾಗಿತ್ತು. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಾಳೆಂದು ಅವಳಿಗೇ ತಿಳಿದದ್ದು ಮೂರನೆಯ ಸಲಕ್ಕೆ.

ಎರಡು ದಿನ ಆ ವಿಷಯ ಯಾರೂ ಎತ್ತಲಿಲ್ಲ. ಮೂರನೆಯ ದಿನ ತಂಗಿ ಬೀದಿಯ ತುದಿಯ ಅಂಗಡಿಯಿಂದ ಕಂಪ್ಯೂಟರ್ ರಿಪೇರಿಯವನನ್ನು ಕರೆತಂದಳು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಾವು ಮಾಮೂಲಿ ನೋಡೋ ಥರದ್ದಲ್ಲ ಅಕ್ಕಾವ್ರೇ," ಎಂದ. "ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡ್ತೀನಿ. ಆಮೇಲೆ ಯಾವ ಪಾಸ್‌ವರ್ಡೂ ಕೇಳಲ್ಲ."

"ಎಲ್ಲ ಅಂದ್ರೆ?"

"ಒಳಗಿರೋದೆಲ್ಲ."

ತಂಗಿ ಅಕ್ಕನ ಕಡೆ ತಿರುಗಿದಳು. ಅಕ್ಕನ ರೆಪ್ಪೆ ಎರಡು ಸಲ ಮುಚ್ಚಿತು, ಮತ್ತೆ ಎರಡು ಸಲ, ಮತ್ತೆ ಎರಡು ಸಲ. ಕಣ್ಣಂಚಿನಿಂದ ನೀರು ಕಿವಿಯವರೆಗೆ ಇಳಿಯಿತು. ಇಪ್ಪತ್ತು ವರ್ಷದ ಪದಗಳ ಪಟ್ಟಿ ತಂಗಿಗೆ ಆಗ ನೆನಪಾಯಿತು.

"ಬೇಡಪ್ಪ, ನೀನು ಹೋಗು. ತೊಂದರೆ ಕೊಟ್ಟೆ," ಎಂದು ಅವನನ್ನು ಕಳಿಸಿದಳು. ಅಕ್ಕನ ಕಣ್ಣೊರೆಸಿ, ಹಾಸಿಗೆಯ ತುದಿಯಲ್ಲಿ ಕೂತಳು.

"ನೋಡು, ಅಳಿಸೋಕೆ ನಾನು ಬಿಡಲ್ಲ. ಈ ಹೆಬ್ಬೆರಳು ಗಿಬ್ಬೆರಳು ಬೇಡ ಅಂದ್ರೆ ಬೇಡ. ಹಲಗೆ ಇದೆ, ನಾನಿದೀನಿ, ಹೇಗೋ ನಡೆಯತ್ತೆ. ಆದ್ರೆ ನನ್ನ ಕೈಯಲ್ಲಿ ಹಲಗೆ ಸರಿಯಾಗಿ ಹಿಡಿಯೋಕಾಗಲ್ಲ, ಅದು ನನಗೂ ಗೊತ್ತು."

ಅಕ್ಕ ಅವಳನ್ನೇ ನೋಡಿದಳು. ಕೊನೆಗೆ ಕಣ್ಣು ಹೊರಳಿಸಿ ಮೇಜಿನ ಮೇಲಿದ್ದ ಪೆನ್ನನ್ನು ನೋಡಿದಳು.

"ಹೇಳ್ತೀಯಾ?"

ಒಂದು ರೆಪ್ಪೆ, ಬಹಳ ತಡವಾಗಿ.

ತಂಗಿ ಒಂದು ರಟ್ಟಿನ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಆರಾರರಂತೆ ಸಾಲಾಗಿ ಬರೆದಳು. ಪಾಸ್‌ವರ್ಡಿನಲ್ಲಿ ಊಹೆ ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಾಯಿಗೆ ಬಂದದ್ದನ್ನು ತಡೆಯುವಾಗೆಲ್ಲ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು, ಅಲ್ಲಿ ಬ್ರೇಕು ಇದೆಯೇನೋ ಎಂಬಂತೆ.

ಮೊದಲನೆಯ ಸಾಲು, ಎರಡನೆಯ ಅಕ್ಷರ: ಬಿ. ಮೊದಲನೆಯ ಸಾಲು, ಮೊದಲ ಅಕ್ಷರ: ಎ. ಮತ್ತೆ ಎ. ಐದನೆಯ ಸಾಲಿನ ವೈ. ಎರಡನೆಯ ಸಾಲಿನ ಐ. ತಂಗಿ ಬರೆದುಕೊಂಡದ್ದನ್ನು ನೋಡಿದಳು. ಬಾಯಿ. ಮಾತು ಹೋದವಳ ಕಂಪ್ಯೂಟರಿನಲ್ಲಿ ಬಾಯಿ ಎಂದು ಕಂಡದ್ದನ್ನು ಅವಳು ಎರಡು ಸಲ ಓದಿಕೊಂಡಳು. ಇಷ್ಟೇ ಇರಬೇಕೆಂದುಕೊಂಡು "ಮುಗೀತಾ?" ಎಂದಳು. ಎರಡು ರೆಪ್ಪೆ.

ಮತ್ತೆ ಬಿ. ಮತ್ತೆ ಎ. ಡಿ. ಯು.

ತಂಗಿ ಪೆನ್ನು ನಿಲ್ಲಿಸಿದಳು. ಕಾಗದ ನೋಡಿದಳು, ಅಕ್ಕನನ್ನು ನೋಡಿದಳು. ಅಕ್ಕ ಕಣ್ಣು ಮಿಟುಕಿಸದೆ ಸೂರನ್ನು ನೋಡುತ್ತಿದ್ದಳು. ಮುಂದಿನದನ್ನು ಹೇಳಿಬಿಡಲು ತಂಗಿಯ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಆದರೂ ಸುಮ್ಮನೆ ಬೆರಳಾಡಿಸಿದಳು. ಕೆ. ಐ. ಅಲ್ಲಿಗೆ ಹನ್ನೊಂದು ಅಕ್ಷರ. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಬಾಯಿಬಡುಕಿ," ಎಂದು ತಂಗಿ ಗಟ್ಟಿಯಾಗಿ ಓದಿದಳು. "ಯಾರೇ ಬಾಯಿಬಡುಕಿ?"

ಒಂದು ಕಣ್ಣು ಅರ್ಧ ತೆರೆಯಿತು.

"ನಾನಾ?"

ಒಂದು ರೆಪ್ಪೆ.

ಆಮೇಲೆ ತಂಗಿ ನಗಲು ಶುರುಮಾಡಿದಳು. ಒಂಬತ್ತು ವರ್ಷ, ಕಂಪ್ಯೂಟರ್ ಅಪ್ಪಣೆ ಕೇಳಿದಾಗಲೆಲ್ಲ, ತಾನು ಪಕ್ಕದಲ್ಲೇ ನಿಂತು ಹರಟುತ್ತಿರುವಾಗ ಈ ಮಹಾತಾಯಿ ಗಂಭೀರವಾಗಿ ಕೂತು ಈ ಹನ್ನೊಂದು ಅಕ್ಷರ ಒತ್ತುತ್ತಿದ್ದಳು ಎಂದು ನೆನೆನೆನೆದು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಕನ್ನಡಕ ತೆಗೆದಿಟ್ಟು ನಕ್ಕಳು. ಅಕ್ಕನ ಗಂಟಲಿನಿಂದಲೂ ಒಂದು ಗೊರಗೊರ ಸದ್ದು ಬಂತು. ತಂಗಿ ಹೆದರಿ ಎದ್ದು ನೋಡಿದರೆ, ಅದು ನಗು. ಬೀದಿಯಲ್ಲಿ ಹೋಗುವವರು ಕೇಳಿದ್ದರೆ ನಗುವೆಂದು ತಿಳಿಯುತ್ತಿರಲಿಲ್ಲ, ಆದರೆ ನಗುವೇ.

ಒತ್ತಿದರು. ತಪ್ಪು, ಇನ್ನೊಮ್ಮೆ ನೋಡಿ ಎಂದಿತು ಕಂಪ್ಯೂಟರ್.

"ಈಗೇನಂತೆ ಇದಕ್ಕೆ?" ತಂಗಿ ಕಾಗದವನ್ನು ಅಕ್ಕನ ಮುಂದೆ ಹಿಡಿದು ಬೆರಳಿಟ್ಟಳು. ಮೊದಲ ಅಕ್ಷರಕ್ಕೇ ರೆಪ್ಪೆ ಬಿತ್ತು. "ದೊಡ್ಡಕ್ಷರವಾ? ಯಾಕೆ ದೊಡ್ಡಕ್ಷ..." ಎಂದವಳು ತಾನೇ ನಿಲ್ಲಿಸಿದಳು. ಇಂಗ್ಲಿಷಿನಲ್ಲಿ ವ್ಯಕ್ತಿಯ ಹೆಸರಾದರೆ ಮೊದಲ ಅಕ್ಷರ ದೊಡ್ಡದಿರಬೇಕು ಎಂದು ಶಾಲೆಯಲ್ಲಿ ಅವಳಿಗೆ ಹೇಳಿಕೊಟ್ಟವಳು ಅಕ್ಕನೇ.

ದೊಡ್ಡ ಬಿ ಹಾಕಿ ಒತ್ತಿದಾಗ ಕಪ್ಪು ಕಿಟಕಿಯಲ್ಲಿ ಸಾಲುಗಳು ಓಡಿ, ನಿಂತು, ಮತ್ತೆ ಆ ಚಿಕ್ಕ ಗೆರೆ ಮಿಣುಕತೊಡಗಿತು. ಹೆಬ್ಬೆರಳು ಒಳಗೆ ಕೂತಿತ್ತು.

ಮೌಸನ್ನು ಅಕ್ಕನ ಹೆಬ್ಬೆರಳಿನ ಕೆಳಗಿಟ್ಟು ತಂಗಿ ಬಟ್ಟೆಯ ಪಟ್ಟಿಯಿಂದ ಕಟ್ಟಿದಳು. ಪರದೆಯ ಮೇಲೆ ದೊಡ್ಡ ದೊಡ್ಡ ಅಕ್ಷರದ ಸಾಲುಗಳು ಒಂದೊಂದಾಗಿ ಬೆಳಗಿದವು. ಮೊದಲ ಹತ್ತು ನಿಮಿಷ ಬರೀ ತಪ್ಪು: ಹೆಬ್ಬೆರಳು ಬಾಗುವಷ್ಟರಲ್ಲಿ ಸಾಲು ಮುಂದೆ ಹೋಗಿರುತ್ತಿತ್ತು. ತಂಗಿ ಹಾಳೆ ನೋಡಿ ವೇಗ ಕಡಿಮೆ ಮಾಡಿದಳು. "ಅವಸರ ಇಲ್ಲ, ಮೊದಲನೇ ಗೇರಲ್ಲೇ ಹೋಗು," ಎಂದಳು. ಆಮೇಲೆ ಒಂದು ಅಕ್ಷರ ನಿಂತಿತು. ಇನ್ನೊಂದು ನಿಂತಿತು. ಇಪ್ಪತ್ತು ನಿಮಿಷದ ಮೇಲೆ ಪರದೆಯ ಮೇಲೆ ಒಂದು ಪೂರ್ತಿ ವಾಕ್ಯ ಕೂತಿತ್ತು.

"ರೇಡಿಯೊ ನಿಲ್ಲಿಸು."

ಅಕ್ಕನಿಗೆ ಬೇಸರವಾಗದಿರಲೆಂದು ತಂಗಿ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಕಿಟಕಿಯ ಮೇಲೆ ರೇಡಿಯೊ ಹಾಕಿಟ್ಟಿರುತ್ತಿದ್ದಳು. ಹೋಗಿ ನಿಲ್ಲಿಸಿದಳು. ಹಿಂದಿರುಗಿ ಬರುವಷ್ಟರಲ್ಲಿ ಇನ್ನೊಂದು ವಾಕ್ಯ ಶುರುವಾಗಿತ್ತು. ತಂಗಿ ಬಾಯಿಗೆ ಸೆರಗು ಹಿಡಿದುಕೊಂಡು ಕಾದಳು.

"ಐದು ತಿಂಗಳಿಂದ ಕಾಯುತ್ತಿದ್ದೆ."

ಅಲ್ಲಿಂದ ಮುಂದೆ ದಿನಗಳು ಬೇರೆಯಾದವು. ಅಕ್ಕ ದಿನಕ್ಕೆ ಎಂಟು ಹತ್ತು ವಾಕ್ಯ ಬರೆಯುತ್ತಿದ್ದಳು. ಎಡ ಹಿಮ್ಮಡಿಯ ಕೆಳಗೆ ದಿಂಬು ಒತ್ತುತ್ತದೆ. ಎಣ್ಣೆಯ ವಾಸನೆ ತಲೆನೋವು ತರುತ್ತದೆ. ನಿನ್ನ ಸೀರೆ ಚೆನ್ನಾಗಿದೆ. ಲೆಕ್ಕದ ಮೇಷ್ಟ್ರಿಗೆ ಅವಳು ಬರೆದ ಮೊದಲ ಪತ್ರದಲ್ಲಿ ಒಂದು ಸಾಲು ಕೃತಜ್ಞತೆ, ಉಳಿದದ್ದೆಲ್ಲ ಅವರ ಹಾಳೆಯಲ್ಲಿದ್ದ ಹದಿನೇಳು ತಪ್ಪುಗಳ ಪಟ್ಟಿ. ತಂಗಿ ಅದನ್ನು ನಾಚುತ್ತಲೇ ಕಳಿಸಿದಳು. ಮೇಷ್ಟ್ರು ಖುಷಿಪಟ್ಟು ಹಾಳೆ ತಿದ್ದಿದರು. ಅಷ್ಟೇ ಅಲ್ಲ, ಅಕ್ಕ ತಾನೇ ಮಿಂಚಂಚೆ ಕಳಿಸುವಂತೆ ಒಂದು ಗುಂಡಿ ಸೇರಿಸಿ ಹೊಸ ಕಟ್ಟು ಕಳಿಸಿದರು. ಈ ಸಲ ಬಿಚ್ಚಿ ಜೋಡಿಸಿ ಕೂರಿಸಲು ತಂಗಿಗೆ ಕಾಲು ಗಂಟೆ ಸಾಕಾಯಿತು. ಪಾಸ್‌ವರ್ಡ್ ಒತ್ತುವಾಗ ಒಂದೊಂದು ಅಕ್ಷರವನ್ನೂ ಬೇಕೆಂದೇ ಗಟ್ಟಿಯಾಗಿ ಹೇಳಿದಳು.

ಆ ಹೊಸ ಗುಂಡಿಯಿಂದಲೇ ಜಗಳ ಹುಟ್ಟಿತು.

ಒಂದು ಶುಕ್ರವಾರ ಬಾಗಿಲು ತಟ್ಟಿದ ಸದ್ದಾಯಿತು. ಕೆಳಗಿನ ಮನೆಯ ನರ್ಸಮ್ಮ, ಹೋದ ವರ್ಷ ನಿವೃತ್ತರಾದವರು. "ಸೋಮವಾರ ಎಂಟೂವರೆಗೆ ಬರ್ಲಾ, ಒಂಬತ್ತಕ್ಕೆ ಬಂದ್ರೆ ಸಾಕಾ ಅಂತ ಕೇಳೋಣ ಅಂತ ಬಂದೆ," ಎಂದರು.

"ಎಲ್ಲಿಗೆ?"

"ಇಲ್ಲಿಗೇ. ನೀವು ಕೆಲಸಕ್ಕೆ ಹೋದಾಗ ಮಧ್ಯಾಹ್ನದವರೆಗೆ ನೋಡ್ಕೊಳ್ಳೋಕೆ. ನಿಮ್ಮಕ್ಕ ಬರೆದಿದ್ರಲ್ಲ, ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ತಂಗಿಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಕಾರು ಶಾಲೆಯ ಮಾಲೀಕರಿಗೂ ಅಕ್ಕ ಬರೆದಿದ್ದಾಳೆಂದು ಆಮೇಲೆ ತಿಳಿಯಿತು. ನರ್ಸಮ್ಮನನ್ನು ಹೇಗೋ ಕಳಿಸಿ ತಂಗಿ ಕೋಣೆಗೆ ನುಗ್ಗಿದಳು.

"ನನ್ನನ್ನೊಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ ನಿನಗೆ? ನನ್ನ ವಿಷಯ ನನಗೇ ತಿಳಿಸದೆ ಊರೆಲ್ಲ ಬರ್ಕೊಂಡಿದೀಯ! ನಾನು ನೋಡ್ಕೊಳ್ಳೋದು ಸಾಲ್ತಾ ಇಲ್ವಾ?"

ಪರದೆಯ ಮೇಲೆ ಸಾಲುಗಳು ಬೆಳಗತೊಡಗಿದವು. ತಂಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಜಗಳವಾಡುವುದಕ್ಕೆ ಎದುರಿನವರ ಉತ್ತರ ಬೇಕಲ್ಲ. ಎರಡೂವರೆ ನಿಮಿಷ ಕಾದಳು.

"ಕೇಳಿದ್ದರೆ ಬೇಡ ಎನ್ನುತ್ತಿದ್ದೆ."

"ಹೌದು, ಬೇಡ ಅಂತಿದ್ದೆ! ಈಗಲೂ ಬೇಡ ಅಂತೀನಿ!"

ಮತ್ತೆ ಮೂರು ನಿಮಿಷ. ತಂಗಿ ನಿಂತು ನಿಂತು ಕಾಲು ನೋವಾಗಿ ಕುರ್ಚಿಯಲ್ಲಿ ಕೂತಳು.

"ನೀನು ಮನೆಯಲ್ಲೇ ಇದ್ದರೆ ನನಗೆ ಹೊರಗಿನ ಸುದ್ದಿ ಹೇಳುವವರು ಯಾರು?"

"ಸುದ್ದಿ ಯಾರಿಗೆ ಬೇಕು? ನಾನಿಲ್ಲದಾಗ ನಿನಗೇನಾದ್ರೂ ಆದ್ರೆ?" ತಂಗಿಯ ದನಿ ಕುಗ್ಗಿತು. "ಅವತ್ತು ನಾನು ಪಕ್ಕದ ಕೋಣೆಯಲ್ಲೇ ಇದ್ದೆ ಕಣೇ. ನಲ್ಲಿ ಹರೀತಾ ಇತ್ತು. ನಾನು ಫೋನಲ್ಲಿ 'ಹ್ಹಿ ಹ್ಹಿ' ಅಂತ ನಗ್ತಾ ಇದ್ದೆ. ಐದು ನಿಮಿಷ ಮುಂಚೆ ಬಂದಿದ್ರೆ..." ಏಳು ತಿಂಗಳಿಂದ ಅವಳು ಸಾವಿರ ಮಾತಾಡಿದ್ದಳು. ಇದೊಂದನ್ನು ಯಾರ ಹತ್ತಿರವೂ ಆಡಿರಲಿಲ್ಲ.

ಈ ಸಲ ಬಹಳ ಹೊತ್ತು ಹಿಡಿಯಿತು. ಮಧ್ಯೆ ಎರಡು ಕಡೆ ಹೆಬ್ಬೆರಳು ತಪ್ಪಿತು. ಅಕ್ಕ ತಪ್ಪನ್ನು ಹಾಗೇ ಬಿಡದೆ ಅಳಿಸಿ ಮತ್ತೆ ಬರೆದಳು. ತಂಗಿ ಒಂದು ಮಾತೂ ಆಡದೆ ಪರದೆ ನೋಡುತ್ತಿದ್ದಳು.

"ಬೀಳುವ ಮುಂಚೆ ನಿನ್ನ ನಗು ಕೇಳುತ್ತಿತ್ತು. ಅದಕ್ಕೇ ನನಗೆ ಹೆದರಿಕೆಯಾಗಲಿಲ್ಲ. ನಿನ್ನ ತಪ್ಪಲ್ಲ."

ತಂಗಿ ಎದ್ದು ಬಂದು, ಅಕ್ಕನ ಕೈಯನ್ನು, ಮೌಸು ಪಟ್ಟಿ ಎಲ್ಲ ಸೇರಿಸಿ, ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡು ಹಾಸಿಗೆಯ ಮೇಲೆ ತಲೆಯಿಟ್ಟಳು. ಗುಂಡಿ ಒತ್ತಿಹೋಗಿ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಒಂದಷ್ಟು ಬಂದವು. ಅಕ್ಕ ಅವನ್ನು ಅಳಿಸಲು ಹೋಗಲಿಲ್ಲ.

ಸೋಮವಾರ ಎಂಟೂವರೆಗೆ ನರ್ಸಮ್ಮ ಬಂದರು. ತಂಗಿ ಅವರಿಗೆ ಹೇಳಿದ್ದನ್ನೇ ನಾಲ್ಕು ಸಲ ಹೇಳಿ, ಮೆಟ್ಟಿಲಿನಿಂದ ಎರಡು ಸಲ ವಾಪಸು ಬಂದು, ಕೊನೆಗೆ ಹೊರಟಳು. ಅವತ್ತಿನ ಮೊದಲ ಕಲಿಕೆ ಐವತ್ತೆಂಟು ವರ್ಷದ ಹಲ್ಲಿನ ಡಾಕ್ಟರದ್ದು. ಮುಂದೆ ಹೋಗಿ ಎಂದರೆ ಹಿಂದಕ್ಕೆ ಬಿಟ್ಟು, ತರಕಾರಿ ಗಾಡಿಯವನ ಎದೆ ಹಾರುವಂತೆ ಮಾಡಿ, ಆಮೇಲೆ ಕಾರಿನಿಂದಿಳಿದು ಆ ಗಾಡಿಗೇ ಕೈಮುಗಿದರು. ಇನ್ನೊಬ್ಬಳು ಹೊಸ ಮದುವಣಗಿತ್ತಿ. ತಿರುವು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಒಂದೂವರೆಗೆ ತಂಗಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಾಗ ಅಕ್ಕ ನಿದ್ದೆ ಹೋಗಿದ್ದಳು. ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಕೆಳಗಿಳಿದು ಹೋದರು. ತಂಗಿ ಚಪ್ಪಲಿ ಬಿಟ್ಟು, ಸದ್ದಾಗದಂತೆ ಕುರ್ಚಿ ಎತ್ತಿ ತಂದು ಹಾಸಿಗೆಯ ಪಕ್ಕ ಹಾಕಿಕೊಂಡು ಕೂತಳು. ಎಬ್ಬಿಸಲಿಲ್ಲ. ಡಾಕ್ಟರದ್ದು ಮೊದಲು ಹೇಳಲೋ, ಮದುವಣಗಿತ್ತಿಯದ್ದು ಮೊದಲು ಹೇಳಲೋ ಎಂದು ಯೋಚಿಸುತ್ತ, ಒಬ್ಬಳೇ ನಗುತ್ತ, ಅಕ್ಕ ಕಣ್ಣು ತೆರೆಯುವುದನ್ನೇ ಕಾಯುತ್ತಿದ್ದಳು.